ಹುಳಿ ಮಣ್ಣಿಗೆ ಉಪಕಾರ

ಬೇಳೆಯ ಮೊದಲ ತುತ್ತು ಬಾಯಿಗೆ ಹೋದದ್ದೇ ತಡ, ನಾಲ್ವರೂ ಒಟ್ಟಿಗೆ ನೀರಿನ ಲೋಟಕ್ಕೆ ಕೈ ಹಾಕಿದರು.

"ಇದಕ್ಕೆ ಉಪ್ಪು ಹಾಕಿದ್ದು ಯಾರು?" ಸೊಸೆ ಕೇಳಿದಳು.

ಅಂದಿನ ಅಡುಗೆ ಸೊಸೆಯದೇ ಆಗಿತ್ತು.

"ನಾನೊಂದು ಸಲ ಹಾಕಿದೀನಿ, ಅಳತೆ ಸರಿಯಾಗೇ ಇತ್ತು. ಆಮೇಲೆ ಯಾರು ಹಾಕಿದ್ದು?"

"ನಾನೊಂದು ಚಿಟಿಕೆ ಹಾಕ್ದೆ," ಎಂದರು ಅತ್ತೆ. "ನೀನು ಗಡಿಬಿಡೀಲಿ ಮರೆತಿರ್ತೀಯ ಅಂತ."

"ಮಾವ?"

ಮಾವ ರೊಟ್ಟಿ ಮುರಿಯುವ ಕೆಲಸದಲ್ಲಿ ಮುಳುಗಿಹೋಗಿದ್ದರು. "ಸಪ್ಪೆ ಅನ್ನಿಸ್ತು. ಹೇಳಿದ್ರೆ ನೀನು ನೊಂದ್ಕೋತೀಯ ಅಂತ ಸುಮ್ನೆ ಹಾಕ್ದೆ."

ಸೊಸೆ ಗಂಡನ ಕಡೆ ತಿರುಗಿದಳು. "ನೀವು ಆಗಿನಿಂದ ಅಡುಗೆಮನೆ ಬಾಗಿಲಲ್ಲೇ ನಿಂತಿದ್ರಿ. ನೋಡ್ಲಿಲ್ವಾ?"

"ನೋಡ್ದೆ."

"ಹೇಳ್ಬಾರ್ದಿತ್ತಾ?"

"ಇಬ್ರೂ ಹೇಳ್ಬೇಡ ಅಂದ್ರು," ಎಂದ ಗಂಡ, ಲೋಟದೊಳಗೆ ಮುಖವಿಟ್ಟು.

ಈ ಮನೆಯ ರೀತಿಯೇ ಹಾಗೆ. ಇಲ್ಲಿ ಯಾರೂ ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಬಯಸಿದ್ದರೆ ಎಷ್ಟೋ ಸಲೀಸಾಗುತ್ತಿತ್ತು, ಎದುರು ನಿಂತು ಜಗಳವಾಡಿ ಮುಗಿಸಿಬಿಡಬಹುದಿತ್ತು. ಇವರು ಒಬ್ಬರಿಗೊಬ್ಬರು ಉಪಕಾರ ಮಾಡುತ್ತಾರೆ, ಅದೂ ಕದ್ದು. ಒಬ್ಬರು ಒಗೆದು ಹರವಿದ ಬಟ್ಟೆಯನ್ನು ಇನ್ನೊಬ್ಬರು ಮತ್ತೆ ಹಿಂಡಿ ಹರವುತ್ತಾರೆ. ಒಬ್ಬರು ಬಿಗಿದ ನಲ್ಲಿಯನ್ನು ಇನ್ನೊಬ್ಬರು ಮತ್ತೆ ಬಿಗಿದು ಅದರ ತಿರುಪಿನ ಎಳೆ ಹಾಳುಮಾಡುತ್ತಾರೆ. ಕೇಳಿದರೆ ಎಲ್ಲರದೂ ಒಂದೇ ಉತ್ತರ: ಹೇಳಿದರೆ ನೀನು ನೊಂದುಕೊಳ್ಳುತ್ತಿದ್ದೆ.

ಮಾವ ಸುಣ್ಣ ಬಳಿಯುವ ಮೇಸ್ತ್ರಿ. ಆಯುಷ್ಯವೆಲ್ಲ ಊರಿನ ಗೋಡೆಗಳನ್ನು ಬೆಳ್ಳಗೆ ಮಾಡಿದವರು. ಮಂಡಿ ಹಿಡಿದುಕೊಂಡ ಮೇಲೆ ಏಣಿಯನ್ನು ಬಿಟ್ಟರು, ಸುಣ್ಣವನ್ನು ಬಿಡಲಿಲ್ಲ. ಇರುವೆ ಬಂದರೆ ಸುಣ್ಣ, ಚರಂಡಿ ನಾರಿದರೆ ಸುಣ್ಣ, ಗೋಡೆ ಬೆವರಿದರೆ ಸುಣ್ಣ. ಅವರಿಗೆ ತಲೆನೋವು ಬಂದಾಗ ಹಣೆಗೆ ಏನು ಹಚ್ಚಿಕೊಳ್ಳುತ್ತಾರೋ ಎಂದು ಮನೆಯವರಿಗೆ ಭಯ. ಅತ್ತೆ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾರೆ, ನೂರಾರು ಮಕ್ಕಳಿಗೆ ಬೇಯಿಸಿ ಬಂದರೂ ಮನೆಯಲ್ಲಿ ಸೌಟು ಕೆಳಗಿಟ್ಟವರಲ್ಲ. ಮಗ ನಗರದ ಬಸ್ಸಿನ ಡ್ರೈವರ್. ಅಪ್ಪ ಹೇಳಿದ್ದನ್ನು ಅಮ್ಮನಿಗೆ ಹೇಳುವಂತಿಲ್ಲ, ಅಮ್ಮ ಹೇಳಿದ್ದನ್ನು ಹೆಂಡತಿಗೆ ಹೇಳುವಂತಿಲ್ಲ. ಹೀಗೆ ಮನೆಯ ಗುಟ್ಟೆಲ್ಲ ಅವನ ಹೊಟ್ಟೆಯಲ್ಲೇ. ಅವನ ಬಸ್ಸಿನಲ್ಲಿ 'ಚಾಲಕನೊಂದಿಗೆ ಮಾತನಾಡಬೇಡಿ' ಎಂದು ಬೋರ್ಡಿದೆ. ಮನೆಯಲ್ಲೂ ಒಂದು ತೂಗುಹಾಕಿದ್ದರೆ ಮುಂದಿನ ಕಥೆಯೇ ನಡೆಯುತ್ತಿರಲಿಲ್ಲ.

ಇನ್ನು ಸೊಸೆ. ಮದುವೆಗೆ ಮುಂಚಿನಿಂದಲೂ ಅವಳ ಕೆಲಸ ಊರಾಚೆಯ ಶೀತಲಗೃಹದಲ್ಲಿ, ಹಣ್ಣು ವಿಂಗಡಿಸಿ ಪೆಟ್ಟಿಗೆಗೆ ತುಂಬುವುದು. ಎರಡು ಸ್ವೆಟರು, ಉಣ್ಣೆ ಟೋಪಿ, ಕೈಗವಸು. ಇಷ್ಟಿದ್ದರೂ ಮಧ್ಯಾಹ್ನದ ಹೊತ್ತಿಗೆ ಬೆರಳು ತನ್ನದೋ ಪಕ್ಕದವಳದೋ ತಿಳಿಯದು. ಮನೆಗೆ ಬಂದು ಬಿಸಿನೀರು ಮುಟ್ಟಿದರೆ ಉಗುರಿನಡಿ ಸೂಜಿ ಚುಚ್ಚಿದಂಥ ನೋವು. ಕಳೆದ ವರ್ಷ ಬೆರಳ ತುದಿಗಳು ಬಿಳಿಚಿಕೊಳ್ಳತೊಡಗಿದಾಗ ಡಾಕ್ಟರು, ಬೇರೆ ಕೆಲಸ ನೋಡಮ್ಮ ಎಂದರು. ಬೇರೆ ಕೆಲಸ ಎಲ್ಲಿದೆ ಎಂದು ಡಾಕ್ಟರು ಹೇಳಲಿಲ್ಲ. ಅದನ್ನು ಅವಳೇ ಹುಡುಕಿಕೊಂಡಳು. ಹಿತ್ತಲಲ್ಲಿ ಕಬ್ಬಿಣದ ಕಮಾನುಗಳ ಮೇಲೆ ಪ್ಲಾಸ್ಟಿಕ್ ಹೊದಿಸಿ ಉದ್ದನೆಯ ಗಿಡದ ಮನೆ ಕಟ್ಟಿಸಿ, ಅದರೊಳಗೆ ಮಣ್ಣೇರಿಸಿ ಮೂರು ಉದ್ದನೆಯ ಮಡಿ ಮಾಡಿ ಸೌತೆಗೆ ಅಣಿಗೊಳಿಸಿದಳು. ಮೇಲ್ವಿಚಾರಕಿ ಒಳ್ಳೆಯವಳು. ಸಂಬಳವಿಲ್ಲದ ರಜೆ ಕೊಟ್ಟು, ಈ ಬೆಳೆ ಮುಗಿಯುವವರೆಗೆ ನಿನ್ನ ಜಾಗ ಹಿಡಿದಿಡುತ್ತೇನೆ ಎಂದಿದ್ದಳು. ಸೌತೆ ಕೈಹಿಡಿದರೆ ಆ ಚಳಿಯ ಬಾಗಿಲನ್ನು ಮತ್ತೆ ತಳ್ಳಬೇಕಾಗಿಲ್ಲ. ಕೈಕೊಟ್ಟರೆ ಮತ್ತೆ ಅದೇ ಟೋಪಿ.

ಸೌತೆಯ ಶತ್ರು ಬೇರು ಕೊಳೆ ರೋಗ. ಮೇಲೆ ಎಲೆ ಹಸಿರಾಗಿಯೇ ಇರುತ್ತದೆ, ಒಂದು ಬೆಳಿಗ್ಗೆ ನೋಡಿದರೆ ಬಳ್ಳಿ ತಲೆ ಬಗ್ಗಿಸಿರುತ್ತದೆ. ಕಿತ್ತರೆ ಬೇರು ಕಂದಾಗಿ ಲೋಳೆಯಾಗಿ ಕೈಗೆ ಬರುತ್ತದೆ. ಇದಕ್ಕೆ ಸೊಸೆ ಬೆಳೆಗಾರರ ತರಬೇತಿಯಲ್ಲಿ ಒಂದು ಉಪಾಯ ಕಲಿತಿದ್ದಳು. ಗೊಬ್ಬರದಂಗಡಿಯಲ್ಲಿ ಟ್ರೈಕೋಡರ್ಮಾ ಎಂಬ ಪುಡಿ ಸಿಗುತ್ತದೆ. ಅದೊಂದು ಜಾತಿಯ ಬೂಷ್ಟು. ಕಳಿತ ಗೊಬ್ಬರಕ್ಕೆ ಬೆರೆಸಿ, ಒದ್ದೆ ಗೋಣಿಚೀಲ ಮುಚ್ಚಿ ಕೆಲವು ದಿನ ನೆರಳಲ್ಲಿಟ್ಟರೆ ಅದು ಹಸಿರಾಗಿ ಹಬ್ಬುತ್ತದೆ. ಆಮೇಲೆ ಬೇರಿನ ಸುತ್ತ ಹಾಕುವುದು.

"ಅಯ್ಯೋ, ಏನೇ ಇದು, ಬೂಷ್ಟು ಹಿಡಿದುಬಿಟ್ಟಿದೆ!" ಅತ್ತೆ ಗೋಣಿಚೀಲ ಎತ್ತಿ ನೋಡಿ ಚೀರಿದರು.

"ಹಿಡೀಲಿ ಅಂತಾನೇ ಇಟ್ಟಿರೋದು ಅತ್ತೆ. ಮುಚ್ಚಿ."

"ಬೂಷ್ಟು ಹಿಡಿದಿದ್ದನ್ನ ನಾನು ಶಾಲೇಲಿ ತಿಪ್ಪೆಗೆ ಸುರೀತೀನಿ. ನೀನು ಗಿಡಕ್ಕೆ ಉಣ್ಣಿಸ್ತೀಯಾ?"

"ಇದು ಒಳ್ಳೇ ಬೂಷ್ಟು. ಬೇರು ಕೊಳೆಸೋ ಕೆಟ್ಟ ಬೂಷ್ಟನ್ನ ಇದು ತಿಂದು ಹಾಕುತ್ತೆ."

ಮೇಸ್ತ್ರಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. "ಬೂಷ್ಟಿನಲ್ಲಿ ಒಳ್ಳೇದು ಕೆಟ್ಟದ್ದು ಬೇರೆ ಇದೆಯಾ? ಗೋಡೆಗೆ ಬೂಷ್ಟು ಬಂದ್ರೆ ಏನಮ್ಮ ಮಾಡ್ತೀವಿ? ಸುಣ್ಣ ಬಳೀತೀವಿ."

"ಮಾವ, ದಯವಿಟ್ಟು ಇಲ್ಲಿ ಸುಣ್ಣದ ಮಾತೆತ್ತಬೇಡಿ. ನಮ್ಮ ಮಣ್ಣು ಸ್ವಲ್ಪ ಹುಳಿ ಇದೆ. ಈ ಬೂಷ್ಟಿಗೆ ಆ ಹುಳಿನೇ ಬೇಕು. ಸುಣ್ಣ ಬಿದ್ರೆ ಹುಳಿ ಸಾಯುತ್ತೆ, ಇದು ಮೇಲೇಳಲ್ಲ."

"ಹುಳಿ ಮಣ್ಣು ಅಂದ್ರೆ ಕೆಟ್ಟ ಮಣ್ಣು. ಹಿಂದೆ ನಾನು ಎಲೆಕೋಸು ಹಾಕಿದಾಗ ಬೇರೆಲ್ಲ ಗಂಟುಗಂಟಾಗಿ ಊದಿಕೊಂಡಿತ್ತು. ಸುಣ್ಣ ಕೊಟ್ಟೆ. ಮುಂದಿನ ಬೆಳೇಲಿ ಗಂಟು ಅನ್ನೋದೇ ಇಲ್ಲ. ಬೇಕಾದ್ರೆ ನಿಮ್ಮತ್ತೇನ ಕೇಳು."

"ಅದು ನಿಜವೇ," ಎಂದರು ಅತ್ತೆ.

"ನಾನೆಲ್ಲಿ ಸುಳ್ಳು ಅಂದೆ? ಎಲೆಕೋಸಿನ ಆ ರೋಗ ಹುಳೀಲಿ ಹೆಚ್ಚುತ್ತೆ, ನೀವು ಸುಣ್ಣ ಹಾಕಿದ್ದು ಸರಿ. ಇದು ಸೌತೆ. ಇದರ ರೋಗ ಬೇರೆ, ಮದ್ದು ಬೇರೆ. ಆ ಮದ್ದಿಗೆ ಸುಣ್ಣ ಆಗ್ಬರಲ್ಲ."

"ರೋಗ ರೋಗಾನೇ," ಎಂದು ಮೇಸ್ತ್ರಿ ಒಳಗೆ ಹೋದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಅತ್ತೆಗಾದರೂ ಅರ್ಥವಾಗಲಿ ಎಂದು ಸೊಸೆ ಒಂದು ಚಮಚ ಮಣ್ಣನ್ನು ಲೋಟದ ನೀರಿಗೆ ಕದಡಿ, ತಿಳಿಯಾದ ಮೇಲೆ ಬಣ್ಣ ತೋರಿಸುವ ಕಾಗದದ ಪಟ್ಟಿ ಅದ್ದಿದಳು. ಪಟ್ಟಿ ಹಳದಿಗೆ ತಿರುಗಿತು. "ನೋಡಿ, ಹೀಗೆ ಹಳದಿ ಇದ್ರೆ ನಮ್ಮ ಬೂಷ್ಟಿಗೆ ಸುಖ. ಹಸಿರು, ನೀಲಿ ಆದ್ರೆ ಅದು ಮಲಗಿಬಿಡುತ್ತೆ."

"ಅಂದ್ರೆ ಹುಳಿ ಬೇಕು."

"ಇರೋ ಹುಳಿ ಸಾಕು ಅತ್ತೆ."

ಅತ್ತೆ ಮೊದಲರ್ಧವನ್ನು ಮನಸ್ಸಿನಲ್ಲಿಟ್ಟುಕೊಂಡು ಉಳಿದರ್ಧವನ್ನು ಅಲ್ಲೇ ಬಿಟ್ಟು ಪಾತ್ರೆ ತೊಳೆಯಲು ಹೋದರು.

ಸಸಿ ನೆಟ್ಟಾಯಿತು. ಬಳ್ಳಿ ದಾರ ಹಿಡಿದು ಮೇಲೇರಿತು. ಮನೆಯ ಕೆಲಸಗಳ ಹಂಚಿಕೆಯೂ ಆಯಿತು. ಬೆಳಗಾಗುತ್ತಲೇ ಗಿಡದ ಮನೆಯ ಪರದೆ ಮೇಲೆತ್ತಿ ಗಾಳಿ ಬಿಡುವುದು ಮೇಸ್ತ್ರಿಯ ಪಾಲಿಗೆ, ಸಂಜೆ ಇಳಿಸುವುದು ಅತ್ತೆಯ ಪಾಲಿಗೆ. ಉಳಿದದ್ದೆಲ್ಲ ತನಗೆ, ಮಣ್ಣಿಗೆ ಬೇರೆ ಯಾರೂ ಕೈ ಹಾಕಬೇಡಿ ಎಂದು ಸೊಸೆ ಊಟದ ಹೊತ್ತಿಗೆ ಎಲ್ಲರೆದುರೂ ಹೇಳಿದಳು. ಎಲ್ಲರೂ ತಲೆಯಾಡಿಸಿದರು. ಆ ಮನೆಯಲ್ಲಿ ತಲೆಯಾಡಿಸುವುದಕ್ಕೆ ಖರ್ಚಿಲ್ಲ.

ಎರಡನೆಯ ವಾರದಲ್ಲಿ ಮೊದಲ ಮಡಿಯಲ್ಲಿ ನಾಲ್ಕು ಗಿಡ ಬಾಗಿದವು. ಅಷ್ಟು ಹೋಗುತ್ತದೆ, ಬೂಷ್ಟು ಹಬ್ಬಲು ಸಮಯ ಬೇಕು ಎಂದು ಸೊಸೆಗೆ ಗೊತ್ತಿತ್ತು. ಕಿತ್ತು ಹಾಕಿ ಸುಮ್ಮನಾದಳು. ಸುಮ್ಮನಿರಲಾಗದವರು ಮೇಸ್ತ್ರಿ.

ಮರುದಿನ ಬೆಳಿಗ್ಗೆ ಮಗ ನಲ್ಲಿಯ ಹತ್ತಿರ ಹಲ್ಲುಜ್ಜುತ್ತಿದ್ದಾಗ ಮೇಸ್ತ್ರಿ ಪಕ್ಕದಲ್ಲಿ ಬಂದು ನಿಂತರು. "ಗಿಡ ಸಾಯೋದನ್ನ ನೋಡಕ್ಕಾಗ್ಲಿಲ್ಲ ಕಣೋ. ಸ್ವಲ್ಪ ಸುಣ್ಣ ಉದುರಿಸ್ದೆ. ಅವಳಿಗೆ ಹೇಳ್ಬೇಡ."

"ಬೇಡ ಅಂದಿದ್ದಾಳಲ್ಲಪ್ಪ?"

"ಬೇಡ ಅಂದಿದ್ದಕ್ಕೇ ಹೇಳ್ಬೇಡ ಅಂತಿರೋದು. ಗಿಡ ಚೆನ್ನಾಗಾದ್ರೆ ಅವಳ ಬೂಷ್ಟೇ ಗೆದ್ದಿದ್ದು ಅಂದ್ಕೊಳ್ಲಿ. ನನಗೇನು ಹೆಸರು ಬೇಕಾ?"

ಮಗ ಬಾಯಿ ಮುಕ್ಕಳಿಸಿದ. ಮಾತು ಕೊಟ್ಟಾಯಿತು.

ಆ ವಾರ ಸೊಸೆಯ ಕಾಗದ ಹಸಿರು ತೋರಿಸಿತು. ಅವಳು ಹುಬ್ಬು ಗಂಟಿಕ್ಕಿ ಲೋಟವನ್ನು ಮತ್ತೆ ತೊಳೆದು ಮತ್ತೆ ಅದ್ದಿದಳು. ಆಗಲೂ ಹಸಿರೇ. ಅಡುಗೆಮನೆಯ ಕಿಟಕಿಯಿಂದ ಅತ್ತೆ ಅದನ್ನು ನೋಡಿದರು. ಅಯ್ಯೋ, ಹುಡುಗಿಗೆ ಹುಳಿ ಕಮ್ಮಿಯಾಗಿದೆ. ಶಾಲೆಯಲ್ಲಿ ಪಾತ್ರೆಯ ಕಲೆ ತೆಗೆಯಲು ಕ್ಯಾನುಗಟ್ಟಲೆ ವಿನೆಗರ್ ಬರುತ್ತದೆ. ತಳದಲ್ಲಿ ಉಳಿದದ್ದನ್ನು ಕೇಳುವವರಿಲ್ಲ. ಅತ್ತೆ ಒಂದು ಬಾಟಲಿಯಲ್ಲಿ ಅದನ್ನು ತುಂಬಿಕೊಂಡು ಬಂದು, ಸಂಜೆ ಪರದೆ ಇಳಿಸುವ ನೆಪದಲ್ಲಿ ಒಳಹೊಕ್ಕು, ಎರಡನೆಯ ಮಡಿಗೆ ಬಕೆಟ್ಟಿನ ನೀರಿನೊಂದಿಗೆ ಕಲಸಿ ಉಣಿಸಿದರು.

ಮರುದಿನ ಮಗನ ಡಬ್ಬಿಗೆ ಊಟ ತುಂಬುತ್ತ ಅವನ ಕಿವಿಯಲ್ಲಿ ಹೇಳಿದರು, "ಸೌತೆಗೆ ಸ್ವಲ್ಪ ಹುಳಿ ಕೊಟ್ಟಿದೀನಿ ಕಣೋ. ಅವಳು ಒಬ್ಬಳೇ ಎಷ್ಟೂಂತ ಒದ್ದಾಡ್ತಾಳೆ? ನಿಮ್ಮಪ್ಪಂಗೆ ಗೊತ್ತಾದ್ರೆ ಕೂಗಾಡ್ತಾರೆ, ಅವಳಿಗೆ ಗೊತ್ತಾದ್ರೆ ಸಂಕೋಚ ಪಡ್ತಾಳೆ. ಯಾರಿಗೂ ಹೇಳ್ಬೇಡ."

"ಅಮ್ಮಾ, ಅಪ್ಪ ಆಗ್ಲೇ..." ಎಂದು ಬಾಯಿ ತೆರೆದ ಮಗ, ಅಪ್ಪನಿಗೆ ಕೊಟ್ಟ ಮಾತು ನೆನಪಾಗಿ ಮುಚ್ಚಿದ.

"ಅಪ್ಪ ಏನು?"

"ಏನಿಲ್ಲ. ಬಸ್ಸಿಗೆ ಹೊತ್ತಾಯ್ತು."

ಅಂದಿನಿಂದ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಬೆಳಿಗ್ಗೆ ಸುಣ್ಣ, ಸಂಜೆ ವಿನೆಗರ್. ಮೊದಲು ಒಂದೊಂದು ಮಡಿ ಹಿಡಿದಿದ್ದವರು ಕ್ರಮೇಣ ಎರಡಕ್ಕೂ ಕೈ ಚಾಚಿದರು. ಗೋಡೆಯ ಪಕ್ಕದ ಮೂರನೆಯ ಮಡಿಗೆ ಮಾತ್ರ ದಾರಿ ಕಿರಿದು. ಅಲ್ಲಿ ಮೇಸ್ತ್ರಿಯ ಮಂಡಿ ಮಡಚುತ್ತಿರಲಿಲ್ಲ, ಅತ್ತೆಯ ಮೈ ಹಿಡಿಸುತ್ತಿರಲಿಲ್ಲ.

ಕಾಗದಕ್ಕೆ ಹುಚ್ಚು ಹಿಡಿಯಿತು. ಒಂದು ದಿನ ನೀಲಿ, ಇನ್ನೊಂದು ದಿನ ಕಿತ್ತಳೆ, ಒಂದೇ ಮಡಿಯ ಈ ತುದಿಯಲ್ಲಿ ಒಂದು ಬಣ್ಣ, ಆ ತುದಿಯಲ್ಲಿ ಇನ್ನೊಂದು. ದಿನಕ್ಕೆ ಹತ್ತು ಹನ್ನೆರಡು ಗಿಡ ಮಲಗತೊಡಗಿದವು. ಸೊಸೆ ಕಾಗದದ ಹೊಸ ಪೊಟ್ಟಣ ತಂದಳು. ಮತ್ತೆ ಅದೇ ಕಥೆ. ನೀರು ಬದಲಾಯಿಸಿದಳು, ಲೋಟ ಬದಲಾಯಿಸಿದಳು, ಚಮಚ ಬದಲಾಯಿಸಿದಳು. ಕೊನೆಗೆ ಉಳಿದದ್ದು ಪುಡಿ. ಸತ್ತ ಪುಡಿ ಮಾರಿದ್ದಾನೆ ಎಂದು ಗೊಬ್ಬರದಂಗಡಿಯವನ ಮೇಲೆ ಹೋಗಿ ಬಿದ್ದಳು. ಅಂಗಡಿಯಲ್ಲಿ ಗಿರಾಕಿಗಳು ಸಾಲಾಗಿ ನಿಂತಿದ್ದರು.

"ಅಮ್ಮಾ, ಅದೇ ಪುಡಿ ಇವರೂ ಒಯ್ದಿದ್ದಾರೆ, ಅವರೂ ಒಯ್ದಿದ್ದಾರೆ. ಯಾರ ಗಿಡಾನೂ ಸತ್ತಿಲ್ಲ," ಎಂದ ಅಂಗಡಿಯವನು. "ನೀವು ಮಣ್ಣಿಗೆ ಬೇರೆ ಏನು ಹಾಕಿದ್ರಿ?"

"ಏನೂ ಹಾಕಿಲ್ಲ."

"ಮನೇಲಿ ಬೇರೆ ಯಾರಾದ್ರೂ?"

"ನಮ್ಮ ಮನೆಯವರು ಅಂಥವರಲ್ಲ," ಎಂದಳು ಸೊಸೆ ದೊಡ್ಡ ದನಿಯಲ್ಲಿ. "ಬೇಡ ಅಂದ್ರೆ ಬೇಡ. ನಿಮ್ಮ ಹುಳುಕು ಮುಚ್ಚಿಕೊಳ್ಳೋಕೆ ನಮ್ಮ ಮನೆ ಮೇಲೆ ಹಾಕ್ಬೇಡಿ."

"ಮಣ್ಣು ಅನ್ನೋದು ದಿನಕ್ಕೊಂದು ಮಾತು ಆಡಲ್ಲಮ್ಮ. ಯಾರೋ ಆಡಿಸ್ಬೇಕು."

ಆ ಮಾತಿಗೆ ಸಾಲಿನಲ್ಲಿದ್ದ ಇಬ್ಬರು ನಕ್ಕರು. ಸೊಸೆ ಪುಡಿಯ ಖಾಲಿ ಚೀಲವನ್ನು ಅವನ ಮೇಜಿನ ಮೇಲೆ ಬಿಸುಟು ಬಂದಳು.

ಮನೆಗೆ ಬಂದರೆ ಎಲ್ಲರೂ ಬೆಣ್ಣೆಯಂತಾಗಿದ್ದರು. ಅತ್ತೆ ಅವಳಿಗಿಷ್ಟವೆಂದು ಆಲೂಗಡ್ಡೆ ಹುರಿದಿಟ್ಟಿದ್ದರು. ಮೇಸ್ತ್ರಿ ಅವಳ ಹೊಲಿಗೆ ಬಿಟ್ಟ ಚಪ್ಪಲಿಯನ್ನು ಹೊಲಿಸಿ ತಂದಿದ್ದರು. ಗಂಡ ಕೇಳದೆಯೇ ಪಾತ್ರೆ ತೊಳೆದ. ಈ ಒಳ್ಳೆಯತನ ನೋಡಿ ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು. ಇಂಥವರನ್ನು ಇಟ್ಟುಕೊಂಡೂ ನನಗೆ ಒಂದು ಬೆಳೆ ತೆಗೆಯಲಾಗುತ್ತಿಲ್ಲವಲ್ಲ ಎಂದು ಗಂಡನೆದುರು ಅತ್ತಳು.

"ನಿನ್ನ ತಪ್ಪಲ್ಲ ಬಿಡೆ," ಎಂದ ಗಂಡ. ಅದು ಎಷ್ಟು ನಿಜವೆಂದು ಅವನೊಬ್ಬನಿಗೇ ಗೊತ್ತಿತ್ತು.

ಮರುದಿನ ಅವಳು ಸತ್ತ ಗಿಡಗಳನ್ನು ಕೀಳುತ್ತ ಕುಳಿತಳು. ಮೊದಲ ಮಡಿಯಲ್ಲಿ ಒಂದು ಬೇರಿನ ಸಂದಿಯಲ್ಲಿ ಬಟಾಣಿಯಷ್ಟು ಬಿಳಿ ಉಂಡೆ ಸಿಕ್ಕಿತು. ಉಗುರಿನಿಂದ ಒತ್ತಿದರೆ ಪುಡಿಯಾಯಿತು. ಸುಣ್ಣ. ಅವಳಿಗೆ ಮೊದಲು ನಂಬಿಕೆಯಾಗಲಿಲ್ಲ. ಕೈಯಿಂದ ಮಣ್ಣು ಕೆದಕಿದಳು. ಮಡಿಯುದ್ದಕ್ಕೂ ಬೆಳ್ಳಗೆ ಗೆರೆ. ಎರಡನೆಯ ಮಡಿಯಲ್ಲಿ ಕಿತ್ತ ಗಿಡದ ಬೇರು ಬಿಸಿನೀರು ಬಿದ್ದಂತೆ ಸುಟ್ಟಿತ್ತು. ಮೂಗಿನ ಹತ್ತಿರ ಹಿಡಿದರೆ ವಿನೆಗರ್ ವಾಸನೆ. ಎದ್ದು ಗೋಡೆಯ ಪಕ್ಕದ ಸಂದಿಗೆ ನುಗ್ಗಿ ಮೂರನೆಯ ಮಡಿಯ ಮಣ್ಣನ್ನು ಪರೀಕ್ಷಿಸಿದಳು. ಕಾಗದ ಹಳದಿ. ಅಲ್ಲಿ ಒಂದು ಗಿಡವೂ ಸತ್ತಿರಲಿಲ್ಲ, ಬಳ್ಳಿಯಲ್ಲಿ ಹೂ ಬಿಟ್ಟಿತ್ತು. ಒಂದು ಗಿಡದ ಬುಡ ಬಿಡಿಸಿ ನೋಡಿದಳು. ಬೇರು ಹಾಲಿನಷ್ಟು ಬೆಳ್ಳಗಿತ್ತು.

ಹಿಂದಿರುಗುವಾಗ ದಾರಿಯಲ್ಲಿದ್ದ ಬಕೆಟ್ಟನ್ನು ಒದ್ದಳು. ಅದರ ಹಿಡಿ ಮುರಿಯಿತು. ಸಾಲದೆಂದು ಇನ್ನೊಮ್ಮೆ ಒದ್ದಳು.

ಅಂದು ಊಟಕ್ಕೆ ಎಲ್ಲರೂ ಕುಳಿತ ಮೇಲೆ ಅನ್ನದ ದೊಡ್ಡ ತಟ್ಟೆಯಲ್ಲಿ ಮಣ್ಣು ಮೆತ್ತಿದ ಎರಡು ಸತ್ತ ಗಿಡ ತಂದು ಮೇಜಿನ ನಡುವೆ ಇಟ್ಟಳು.

"ಊಟದ ತಟ್ಟೇಲಿ ಮಣ್ಣು!" ಎಂದರು ಅತ್ತೆ.

"ಮೂಸಿ ನೋಡಿ ಅತ್ತೆ. ನಿಮಗೆ ಪರಿಚಯದ ವಾಸನೆ."

ಅತ್ತೆ ಮೂಸಲಿಲ್ಲ. ಸೆರಗಿನಿಂದ ಬಾಯೊರೆಸಿಕೊಂಡರು.

"ಮಾವ, ಇದರ ಬೇರಲ್ಲಿ ಏನಿದೆ ನೋಡಿ. ಇದು ಯಾವ ಗೋಡೆಯಿಂದ ಉದುರಿದ್ದು?"

"ಸ್ವಲ್ಪ ಹಾಕ್ದೆ," ಎಂದರು ಮೇಸ್ತ್ರಿ. "ಚಿಟಿಕೆ."

"ಚಿಟಿಕೆ! ಮಡಿಯುದ್ದಕ್ಕೂ ಬಳಿದಿದ್ದೀರಿ!"

ಅತ್ತೆ ತಟಕ್ಕನೆ ಗಂಡನ ಕಡೆ ತಿರುಗಿದರು. "ರೀ, ನೀವು ಸುಣ್ಣ ಹಾಕ್ತಿದ್ರಾ? ಅದಕ್ಕೇ ನಾನು ಎಷ್ಟು ಹುಳಿ ಹಾಕಿದ್ರೂ ನಿಲ್ತಿರ್ಲಿಲ್ಲ!"

"ನೀನು ಹುಳಿ ಸುರೀತಿದ್ಯಾ? ನನ್ನ ಸುಣ್ಣ ಹತ್ತದೇ ಇದ್ದಿದ್ದು ಅದಕ್ಕೇ! ಬಿಟ್ಟಿದ್ರೆ ಗಿಡ ಉಳೀತಿತ್ತು."

"ನೀವು ಬಿಟ್ಟಿದ್ರೆ ಉಳೀತಿತ್ತು."

"ನೀವಿಬ್ರೂ ಬಿಟ್ಟಿದ್ರೆ ಉಳೀತಿತ್ತು!" ಸೊಸೆ ಮೇಜಿಗೆ ಕೈ ಅಪ್ಪಳಿಸಿದಳು. ತಟ್ಟೆಯ ಮಣ್ಣು ಉದುರಿತು. "ಒಂದು ಮಾತು, ಒಂದೇ ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲ? ಎದುರುಗಡೆನೇ ಇದ್ನಲ್ಲ ನಾನು? ಆ ಅಂಗಡಿಯವನ ಮರ್ಯಾದೆ ಹತ್ತು ಜನರ ಮುಂದೆ ತೆಗೆದು ಬಂದೆ. ನಮ್ಮ ಮನೆಯವರು ಅಂಥವರಲ್ಲ ಅಂತ ಎದೆ ತಟ್ಕೊಂಡು ಹೇಳಿ ಬಂದೆ!"

"ನೀನು ನೊಂದ್ಕೋತೀಯ ಅಂತ..." ಎಂದು ಅತ್ತೆ ಶುರುಮಾಡಿದರು.

"ಈಗ ಸಂತೋಷವಾಗಿದೀನಾ?"

ಮೇಸ್ತ್ರಿ ಹೆಂಡತಿಯನ್ನು ನೋಡಿದರು, ಹೆಂಡತಿ ಮೇಸ್ತ್ರಿಯನ್ನು. ಇಬ್ಬರ ಮುಖದಲ್ಲೂ ಬೆರಗಿತ್ತು. ಬೆರಗಿಲ್ಲದ ಮುಖ ಒಂದೇ, ಗಂಡನದು. ಅವನು ರೊಟ್ಟಿಯ ತುಂಡನ್ನು ತಟ್ಟೆಯಲ್ಲಿ ಸುತ್ತಿಸುತ್ತ ಕುಳಿತಿದ್ದ. ಸೊಸೆ ಅವನನ್ನೇ ದಿಟ್ಟಿಸಿದಳು.

"ನಿಮಗೆ ಗೊತ್ತಿತ್ತಾ?"

"ಹೂಂ."

"ಯಾವುದು? ಸುಣ್ಣವಾ, ವಿನೆಗರಾ?"

"ಎರಡೂ."

"ಎಂದಿನಿಂದ?"

"ಮೊದಲಿನಿಂದ. ಇಬ್ರೂ ಹೇಳ್ಬೇಡ ಅಂದಿದ್ರು. ಮಾತು ಕೊಟ್ಟಿದ್ದೆ."

"ನಾನು ನಿಮ್ಮ ಮುಂದೆ ಕೂತು ಅಳ್ತಿದ್ನಲ್ಲ, ಆಗಲೂ?"

ಅವಳು ಆ ತಟ್ಟೆಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಅಂದು ಆ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ, ಮಾರನೆಯ ದಿನ ಅನ್ನವೆಲ್ಲ ಹಳಸಿತು.

ಆಮೇಲಿನ ವಾರಗಳಲ್ಲಿ ಸೊಸೆ ಎರಡು ಮಡಿಗಳ ಮಣ್ಣನ್ನು ಅಗೆದು ತೆಗೆದು ಹೊರಗೆ ಸುರಿದಳು, ಹೊಸ ಮಣ್ಣು ತುಂಬಿದಳು. ಯಾರನ್ನೂ ಕರೆಯಲಿಲ್ಲ. ಗೊಬ್ಬರದಂಗಡಿಗೆ ಹೋಗಿ, ತಪ್ಪಾಯಿತು ಎಂದಳು. ಅವನು, ಯಾರು ಆಡಿಸಿದ್ದು ಎಂದು ಕೇಳಲಿಲ್ಲ. ಅದು ಅವನ ದೊಡ್ಡತನ. ಮೂರನೆಯ ಮಡಿಯ ಸೌತೆ ಮಾರಾಟಕ್ಕೆ ಬಂತು. ನೆಟ್ಟಗೆ, ಹಸಿರಾಗಿ, ಮುರಿದರೆ ಟಪ್ಪೆನ್ನುವಂಥ ಕಾಯಿ. ತರಕಾರಿ ಅಂಗಡಿಯವಳು ಇನ್ನೂ ಇದ್ದರೆ ತಾ ಎಂದಳು. ಇನ್ನೂ ಇರಬೇಕಾದದ್ದು ಹೊರಗೆ ಗುಡ್ಡೆಯಾಗಿ ಬಿದ್ದಿತ್ತು. ಆದರೂ ಹೊಸ ಸಸಿ ನೆಟ್ಟರೆ ಮುಂದಿನ ಬೆಳೆಗೆ ಮೂರೂ ಮಡಿ ಕೈಗೆ ಬರುತ್ತದೆ ಎಂದು ಅವಳ ಲೆಕ್ಕ. ಆ ಲೆಕ್ಕ ಸರಿಯಾಗಿಯೇ ಇತ್ತು. ಶೀತಲಗೃಹಕ್ಕೆ ಇನ್ನು ಬರುವುದಿಲ್ಲ ಎಂದು ಹೇಳಲು ಒಳ್ಳೆಯ ಗಳಿಗೆ ನೋಡುತ್ತಿದ್ದಳು.

ಮನೆಯವರು ಈಗ ಗಿಡದ ಮನೆಯ ದಿಕ್ಕಿಗೆ ತಲೆಯಿಟ್ಟು ಮಲಗುತ್ತಲೂ ಇರಲಿಲ್ಲ. ಅತ್ತೆ ಉಪ್ಪಿನ ಡಬ್ಬಿ ಮುಟ್ಟುವ ಮೊದಲು ಕೆಮ್ಮುತ್ತಿದ್ದರು.

ಒಂದು ಸಂಜೆ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಸೊಸೆಯ ಫೋನು ಬಡಿದುಕೊಂಡಿತು. ಅವಳ ಕೈಯೆಲ್ಲ ಮಣ್ಣಾಗಿದ್ದರಿಂದ ಫೋನನ್ನು ಮೇಜಿನ ಮೇಲೇ ಇಟ್ಟು ಸ್ಪೀಕರ್ ಒತ್ತಿದಳು. ಶೀತಲಗೃಹದ ಮೇಲ್ವಿಚಾರಕಿ.

"ಸೋಮವಾರದಿಂದ ಬರ್ತೀರಂತಲ್ಲ, ಖುಷಿಯಾಯ್ತು. ಬೆಳಗಿನ ಪಾಳಿಗೆ ಹಾಕಿದೀನಿ."

"ಯಾರು ಹೇಳಿದ್ದು?"

"ನಿಮ್ಮ ಯಜಮಾನ್ರು. ಹೋದ ವಾರ ನಮ್ಮ ಗೇಟಿನ ಹತ್ರ ಬಸ್ ನಿಲ್ಲಿಸಿ ಬಂದು ಹೇಳಿ ಹೋದ್ರು."

ಸೊಸೆ ಗಂಡನ ಕಡೆ ತಿರುಗಿದಳು.

"ಜಾಗ ಕೈತಪ್ಪಿ ಹೋಗ್ಬಾರ್ದು ಅಂತ," ಎಂದ ಗಂಡ ಮೆಲ್ಲಗೆ. "ಬೆಳೆ ಹಾಳಾಯ್ತಲ್ಲ. ನೀನಾಗೇ ಕೇಳೋಕೆ ಸಂಕೋಚ ಪಡ್ತೀಯ ಅಂತ... ಇವತ್ತು ಹೇಳೋಣ ಅಂತಿದ್ದೆ."

ಮೇಸ್ತ್ರಿ ತಲೆಯ ಮೇಲೆ ಕೈಯಿಟ್ಟುಕೊಂಡರು. ಅತ್ತೆ ಬಾಗಿ ಫೋನಿಗೇ ಹೇಳಲು ಹೊರಟರು, "ಇಲ್ಲಮ್ಮ, ಅವಳು ಬರಲ್ಲ..."

"ಅತ್ತೆ, ನನಗೂ ಬಾಯಿದೆ," ಎಂದಳು ಸೊಸೆ. ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು. ಇನ್ನು ಬರುವುದಿಲ್ಲ ಎಂದು ಹೇಳಲು ವಾರಗಳಿಂದ ಕೂಡಿಟ್ಟಿದ್ದ ಮಾತು ನಾಲಗೆಯ ತುದಿಯಲ್ಲಿತ್ತು. ಅದನ್ನು ನುಂಗಿದಳು. "ಬರ್ತೀನಿ ಮೇಡಂ. ಸೋಮವಾರ."

ಫೋನು ಕಟ್ಟಾದ ಮೇಲೆ ಮೇಸ್ತ್ರಿಗೆ ಮಾತು ಬಂತು. "ಇದ್ಯಾಕಮ್ಮ? ಆ ಮಡಿ ಚೆನ್ನಾಗಿ ಬಂದಿದೆ, ಮಣ್ಣು ಹೊಸದು ಹಾಕಿದೀಯ. ಅಲ್ಲಿ ಚಳೀಲಿ ಬೆರಳು ಕಳ್ಕೋತೀಯಾ?"

"ಅಲ್ಲಿ ಚಳಿ ಅಷ್ಟೇ ಮಾವ. ಯಾರೂ ಉಪಕಾರ ಮಾಡಲ್ಲ."

"ಗಿಡ ಯಾರು ನೋಡ್ಕೋಬೇಕು?"

"ನೀವು ಮೂರು ಜನ ಇದ್ದೀರಲ್ಲ. ಕದ್ದು ಮಾಡೋ ಕಷ್ಟ ಇನ್ಮೇಲೆ ಇಲ್ಲ."

ಸೋಮವಾರ ಅವಳು ಹೋದಳು. ಗಂಡ ಬಸ್ಸಿನಲ್ಲಿ ಬಿಡುತ್ತೇನೆಂದ, ಅವಳು ನಡೆದೇ ಹೋದಳು. ಸಂಜೆ ಬಂದು ಬಿಸಿನೀರಿಗೆ ಕೈ ಇಟ್ಟು ಹಲ್ಲು ಕಚ್ಚಿಕೊಂಡಳು, ಬಡಿಸಿದ್ದನ್ನು ಉಂಡಳು. ಗಿಡ ಹೇಗಿದೆ ಎಂದು ಕೇಳಲಿಲ್ಲ. ಕೇಳುವಳೇನೋ ಎಂದು ಮೂವರೂ ಕಾದರು. ದಿನಗಳು ಹೀಗೇ ಹೋದವು.

ಮೂವರ ಪಾಡು ಬೇರೆಯಾಗಿತ್ತು. ಹೊಸ ಸಸಿ ನೆಡಬೇಕಿತ್ತು, ನೀರು ಕೊಡಬೇಕಿತ್ತು, ಕಾಯಿ ಕೊಯ್ಯಬೇಕಿತ್ತು. ಮೇಸ್ತ್ರಿ ಅಭ್ಯಾಸಬಲದಿಂದ ಮಗನನ್ನು ನಲ್ಲಿಯ ಹತ್ತಿರ ಹಿಡಿದರು. "ನಿಮ್ಮಮ್ಮ ನೀರು ಜಾಸ್ತಿ ಬಿಡ್ತಿದ್ದಾಳೆ ಕಣೋ. ನಾನು ಹೇಳ್ದೆ ಅಂತ ಹೇಳ್ಬೇಡ..."

"ಅಪ್ಪಾ," ಎಂದ ಮಗ, ಬಾಯಿಯ ನೊರೆ ಉಗುಳಿ, "ಅಮ್ಮ ಅಲ್ಲೇ ಇದ್ದಾಳೆ. ನೀನೇ ಹೇಳು."

ಮೇಸ್ತ್ರಿ ಅಂಗಳದ ನಡುವೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಹೋಗಿ ಹೇಳಿದರು. ದೊಡ್ಡ ಜಗಳವೇ ಆಯಿತು, ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು. ಜಗಳ ಮುಗಿದಾಗ ಅತ್ತೆ ನೀರು ಕಡಿಮೆ ಮಾಡಿದರು.

ಶೀತಲಗೃಹದಲ್ಲಿ ಫೋನುಗಳನ್ನು ಹೊರಗಿನ ಪೆಟ್ಟಿಗೆಯಲ್ಲಿಟ್ಟು ಒಳಗೆ ಹೋಗಬೇಕು. ಅದಕ್ಕೇ ಒಂದು ಮಧ್ಯಾಹ್ನ ಮೇಲ್ವಿಚಾರಕಿ ಬಾಗಿಲಲ್ಲಿ ನಿಂತು ಸೊಸೆಯನ್ನು ಕೈಬೀಸಿ ಕರೆದಳು. "ಆಫೀಸಿನ ಫೋನಿಗೆ ಬಂದಿದೆ. ಮನೆಯಿಂದ ಯಾರೋ ಹಿರಿಯರು."

ಬೆರಳು ಮಡಚುತ್ತಿರಲಿಲ್ಲ. ರಿಸೀವರನ್ನು ಎರಡು ಅಂಗೈಗಳ ನಡುವೆ ಹಿಡಿದುಕೊಂಡಳು. "ಏನಾಯ್ತು ಮಾವ? ಅತ್ತೆಗೇನಾದ್ರೂ?"

"ಯಾರಿಗೂ ಏನೂ ಆಗಿಲ್ಲ. ಗೋಡೆ ಪಕ್ಕದ ಮಡೀಲಿ ಒಂದು ಗಿಡ ಬಾಗಿದೆ. ಮಗನ ಕೈಲಿ ಮಣ್ಣು ತರಿಸಿ ಕಾಗದ ಅದ್ದಿ ನೋಡ್ದೆ, ಹಳದೀನೇ ಇದೆ. ಆದ್ರೂ ಬೆಳಿಗ್ಗೆಯಿಂದ ಕೈ ಕಡೀತಿದೆ ಕಣಮ್ಮ." ಮೇಸ್ತ್ರಿ ಉಸಿರೆಳೆದುಕೊಂಡರು. "ಸುಣ್ಣ ಹಾಕ್ಲಾ, ಬೇಡ್ವಾ?"

"ಬೇಡ ಮಾವ," ಎಂದಳು.

"ಸರಿ, ಬೇಡ. ತಡಿ, ನಿಮ್ಮತ್ತೆ ಏನೋ ಕೇಳ್ತಿದ್ದಾಳೆ. ಹುಳಿ ಸ್ವಲ್ಪ..."

"ಅದೂ ಬೇಡ."

"ಅದೂ ಬೇಡವಂತೆ ಕಣೇ!" ಎಂದು ಮೇಸ್ತ್ರಿ ಆಚೆ ತಿರುಗಿ ಕೂಗಿದರು. "ಮತ್ತೆ ನಾವೇನು ಮಾಡ್ಬೇಕು, ಅದನ್ನಾದ್ರೂ ಹೇಳು."

"ಆ ಒಂದು ಗಿಡ ನಿಮ್ಮ ಮಗನ ಕೈಲಿ ಬೇರು ಸಮೇತ ಕೀಳಿಸಿ, ದೂರ ಹಾಕಿಸಿ. ಆ ಜಾಗಕ್ಕೆ ಇವತ್ತು ನೀರು ಬೇಡ. ಉಳಿದದ್ದನ್ನ ಮುಟ್ಟಬೇಡಿ, ಬೂಷ್ಟು ನೋಡ್ಕೊಳ್ಳುತ್ತೆ."

ಮೇಸ್ತ್ರಿ ಒಂದೊಂದೇ ಮಾತನ್ನು ತಿರುಗಿ ಹೇಳಿ ಒಪ್ಪಿಸಿದರು. ಒಂದೂ ತಪ್ಪಲಿಲ್ಲ.

"ಮಾವ, ಇಷ್ಟು ಕೇಳೋಕೆ ನಾನು ಇಲ್ಲಿಗೆ ಬಂದು ನಿಲ್ಲಬೇಕಿತ್ತಾ?"

"ಬೇಕಿತ್ತು ಅನ್ಸುತ್ತೆ ಕಣಮ್ಮ," ಎಂದರು ಮೇಸ್ತ್ರಿ.

ಅವಳು ರಿಸೀವರ್ ಕೆಳಗಿಟ್ಟು, ಹಲ್ಲಿನಿಂದ ಕಚ್ಚಿ ಎಳೆದು ಕೈಗವಸು ತೊಟ್ಟುಕೊಂಡು, ಮತ್ತೆ ಒಳಗೆ ಹೋದಳು.